ಕಿವಿಯ ತಮಟೆಗೆ ಹಾಕಿದ ತೇಪೆ

ಅದು ಅರವತ್ತಾರನೇ ಇಸವಿಯ ಬೇಸಿಗೆ. ನಾನಾಗ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಹೊಸನಗರದಲ್ಲಿ ಟೈರಿಗೆ ಗಾಳಿ ತುಂಬಿಸುತ್ತಿದ್ದಾಗ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಟೈರು ಸಿಡಿಯಿತು. ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಬಲಗಿವಿಯೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಮುಟ್ಟಿ ನೋಡಿದರೆ ಬೆರಳಿಗೆ ರಕ್ತ. ಎದುರಿಗೆ ನಿಂತ ಕಂಡಕ್ಟರ್ ತಿಮ್ಮಪ್ಪನ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು.

ಅಲ್ಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ತಮಟೆ ಹರಿದಿದೆ. ಎಣ್ಣೆ, ಬೆಳ್ಳುಳ್ಳಿ ರಸ ಎಂಥದ್ದೂ ಬಿಡ್ಬೇಡ. ನೀರು ಹೋಗದ ಹಾಗೆ ನೋಡ್ಕೋ. ಸುಮಾರು ಜನಕ್ಕೆ ತಾನಾಗೇ ಕೂಡ್ಕೊಳ್ತದೆ" ಎಂದರು.

ನನ್ನದು ಕೂಡಿಕೊಳ್ಳಲಿಲ್ಲ. ಮಳೆಗಾಲದಲ್ಲಿ ನೆಗಡಿಯಾದಾಗಲೆಲ್ಲ ಕಿವಿ ಸೋರುತ್ತಿತ್ತು. ಆದರೂ ಬಸ್ಸು ಓಡಿಸುತ್ತಿದ್ದೆ. ಎಡಗಿವಿ ಚೆನ್ನಾಗಿದ್ದುದರಿಂದ ಹಾರ್ನು ಕೇಳುತ್ತಿತ್ತು, ಅದು ಯಾವ ಕಡೆಯಿಂದ ಬಂತೆಂದು ಮಾತ್ರ ತಿಳಿಯುತ್ತಿರಲಿಲ್ಲ. ಒಂದು ದಿನ ಕೋಣಂದೂರು ದಾಟಿದ ಮೇಲೆ ಹಾರ್ನು ಕೇಳಿ, ಮುಂದಿನ ತಿರುವಿನಲ್ಲಿ ಗಾಡಿಯಿದೆ ಎಂದು ನಿಧಾನ ಮಾಡಿದೆ. ಯಾವ ಗಾಡಿಯೂ ಬರಲಿಲ್ಲ. ಎದುರಿಗಿದ್ದ ಗುಂಡಿ ತಪ್ಪಿಸಲು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಲಾರಿ ನಮ್ಮ ಬಸ್ಸನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಮುಂದೆ ಹೋಯಿತು. ಹಾರ್ನು ಹೊಡೆದದ್ದು ಅದು. ಬಸ್ಸಿನ ತುಂಬ ಜನರಿದ್ದರು. ತೀರ್ಥಹಳ್ಳಿ ಮುಟ್ಟಿದ ಮೇಲೆ ತಿಮ್ಮಪ್ಪನ ಕೈಗೆ ಬಸ್ಸಿನ ಕೀಲಿ ಕೊಟ್ಟು, "ಧಣಿಗೆ ಹೇಳಿಬಿಡು, ನಂಗೆ ಇನ್ನು ಆಗದಿಲ್ಲ" ಎಂದೆ.

ತಿಮ್ಮಪ್ಪ ಧಣಿಯ ಹತ್ತಿರ ಹೋಗಲಿಲ್ಲ, ಹೊಸನಗರದ ಡಾಕ್ಟರ ಹತ್ತಿರ ಹೋದ. ಮಾರನೇ ದಿನ ನಮ್ಮ ಮನೆಗೆ ಬಂದು ನನ್ನ ಹೆಂಡತಿ ಸರೋಜಳಿಗೆ, "ಅಕ್ಕ, ಘಟ್ಟದ ಕೆಳಗಿನ ದೊಡ್ಡಾಸ್ಪತ್ರೇಲಿ ಹರಿದ ತಮಟೆಗೆ ಹೊಸ ಪೊರೆ ಹಾಕ್ತಾರಂತೆ. ಕರ್ಕಂಡು ಹೋಗಿ" ಎಂದ. ಕಿವಿಗೆ ಕತ್ತರಿ ಹಾಕುವುದೆಂದರೆ ನನಗೆ ಜೀವ ಹೋದಷ್ಟು ಹೆದರಿಕೆ. ಸರೋಜ ಚೀಲಕ್ಕೆ ಬಟ್ಟೆ ತುಂಬಿದಳು.

ಆ ಆಸ್ಪತ್ರೆಯ ಡಾಕ್ಟರು ಕೆಳಗಿನ ಸೀಮೆಯವರು, ನಿಧಾನ ಮಾತಿನವರು. ಸೋರುವ ಕಿವಿಗೆ ಕತ್ತರಿ ಹಾಕುವಂತಿಲ್ಲ ಎಂದು ಮೊದಲು ಔಷಧಿ ಕೊಟ್ಟು ಒಣಗಿಸಿದರು. ಆಪರೇಶನ್ ದಿನ ನನಗೆ ಪೂರ್ತಿ ಎಚ್ಚರವಿತ್ತು. ಕಿವಿಯ ಸುತ್ತ ಮಾತ್ರ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ದರು.

"ಎಂತ ಕೆಲಸ ಮಾರಾಯ್ರೆ ನಿಮ್ದು?" ಎಂದು ಕೇಳಿದರು.

"ಬಸ್ ಡ್ರೈವರು."

"ಹಾಗಾದ್ರೆ ನಿಮಗೆ ಬೇಗ ಅರ್ಥ ಆಗ್ತದೆ. ಟ್ಯೂಬಿಗೆ ತೇಪೆ ಹಾಕುದಿಲ್ವಾ, ಅದೇ ಇದು."

ಕಿವಿಯ ಹಿಂದೆ ಕುಯ್ದು, ಮೇಲಿನ ಸ್ನಾಯುವಿನ ಹೊದಿಕೆಯಿಂದ ಒಂದು ಚೂರು ತೆಗೆದು ನನಗೆ ತೋರಿಸಿದರು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಅದನ್ನು ಗಾಜಿನ ಮೇಲೆ ಹರಡಿ ಒಣಗಿಸಿದರು. ಆಮೇಲೆ ದೊಡ್ಡ ದುರ್ಬೀನಿನಂಥ ಯಂತ್ರದಲ್ಲಿ ಕಣ್ಣಿಟ್ಟು, ತೂತಿನ ಅಂಚು ಕೆರೆದು, ಒಳಗಿನಿಂದ ಆ ಪೊರೆಯನ್ನು ಆನಿಸಿ ಕೂರಿಸಿದರು. ಕೆರೆಯುವ ಸದ್ದು ತಲೆಯೊಳಗೆ ಗುಡುಗಿದಂತಿತ್ತು. ನೋವು ಅಷ್ಟಿರಲಿಲ್ಲ.

ಮನೆಗೆ ಕಳಿಸುವಾಗ, "ಮೂಗು ಸೀಟ್ಬೇಡಿ. ಸೀನು ಬಂದ್ರೆ ಬಾಯಿ ತೆರ್ದು ಸೀನಿ. ಘಟ್ಟ ಹತ್ತುವಾಗ ಏನಾದ್ರೂ ನುಂಗ್ತಾ ಇರಿ, ಇಲ್ಲದಿದ್ರೆ ಕಿವಿ ಕಟ್ತದೆ" ಎಂದರು.

ಆಗುಂಬೆ ಘಟ್ಟದಲ್ಲಿ ಸರೋಜ ಸೆರಗಿನಲ್ಲಿ ಮಂಡಕ್ಕಿ ಹಿಡಿದು ಒಂದೊಂದೇ ಹಿಡಿ ಕೊಡುತ್ತ ಬಂದಳು. ಡ್ರೈವರು ನನ್ನ ಪರಿಚಯದವನೇ. ತಲೆಗೆ ಸುತ್ತಿದ ಪಟ್ಟಿ ನೋಡಿ ಸಂಗತಿ ಕೇಳಿಕೊಂಡು, ತಿರುವು ತಿರುವಿಗೂ ಬಸ್ಸನ್ನು ಹೂವಿನ ಬುಟ್ಟಿ ಹೊತ್ತಂತೆ ಒಯ್ದ. ಹಿಂದಿನ ಸೀಟಿನವನೊಬ್ಬ, "ಎಂಥ ಮಾರಾಯ, ದನದ ಗಾಡಿಯಾ ಇದು?" ಎಂದಾಗ ಸರೋಜ ತಿರುಗಿ, "ಇವ್ರ ಕಿವಿಗೆ ಹೊಸ ತಮಟೆ ಹಾಕಿದಾರೆ. ಸ್ವಲ್ಪ ಸುಧಾರಿಸ್ಕಳ್ಳಿ" ಎಂದಳು. ಸ್ವಲ್ಪ ಹೊತ್ತಿಗೆ ಒಂದು ಕಿತ್ತಳೆ ಹಣ್ಣು ಕೈಯಿಂದ ಕೈಗೆ ದಾಟಿ ನಮ್ಮ ಸೀಟಿಗೆ ಬಂತು. ಆ ಹಿಂದಿನ ಸೀಟಿನವನೇ ಕಳಿಸಿದ್ದ.

ಕೆಲವು ವಾರ ಬಿಟ್ಟು ಮತ್ತೆ ಹೋದೆವು. ಡಾಕ್ಟರು ಆಪರೇಶನ್ ದಿನ ಕಿವಿಯೊಳಗೆ ತುಂಬಿದ್ದ ಬಟ್ಟೆಯನ್ನು ಮೆಲ್ಲಗೆ ಎಳೆದು ತೆಗೆದರು. ನನ್ನ ಎಡಗಿವಿಯನ್ನು ಬೆರಳಿನಿಂದ ಮುಚ್ಚಿ, ಹಿಂದೆ ನಿಂತು, "ಊಟ ಆಯ್ತಾ?" ಎಂದು ಪಿಸುಗುಟ್ಟಿದರು.

"ಆಗ್ಲಿಲ್ಲ" ಎಂದೆ. ಹೇಳಿದ ಮೇಲೆ, ಕೇಳಿಸಿತಲ್ಲ ಎಂದು ಹೊಳೆಯಿತು. ಸರೋಜ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಡಾಕ್ಟರು ನಗುತ್ತ, "ಹೋಗಿ, ಮೊದಲು ಊಟ ಮಾಡಿ" ಎಂದರು.

ಮತ್ತೆ ಬಸ್ಸು ಹತ್ತಿದವನು ನಿವೃತ್ತನಾಗುವ ತನಕ ಓಡಿಸಿದೆ. ಈಗ ವಯಸ್ಸಾಗಿ, ಯಾವ ಪೆಟ್ಟೂ ತಿನ್ನದ ಎಡಗಿವಿ ಮಂದವಾಗಿದೆ. ಫೋನಿನಲ್ಲಿ ಮೊಮ್ಮಕ್ಕಳ ಮಾತು ಕೇಳಲು ನಾನು ಒಡ್ಡುವುದು ಆ ತೇಪೆಯ ಕಿವಿಯನ್ನೇ.