ದೊಡ್ಡಮ್ಮನ ಪಿಕಪ್ಪಿಗೆ ಎರಡು ಮೀಟರು

ನಮ್ಮ ದೊಡ್ಡಮ್ಮನಿಗೆ ಗಾಡಿ ಓಡಿಸಲು ಕಣ್ಣಿಗಿಂತ ಕಿವಿ ಮುಖ್ಯವಾಗಿತ್ತು. ಲಾಡ್ಜುಗಳಿಂದ ಕೊಳೆ ಬಟ್ಟೆಯ ಗಂಟುಗಳನ್ನು ಲಾಂಡ್ರಿಗೆ ತರುವುದು, ಒಗೆದು ಇಸ್ತ್ರಿಯಾದ ಮೇಲೆ ವಾಪಸು ಮುಟ್ಟಿಸುವುದು ಅವಳ ಕಸುಬು. ಅವಳ ಸ್ವಂತ ಪಿಕಪ್ಪು ವಯಸ್ಸಿನಲ್ಲಿ ನನಗಿಂತ ಹಿರಿಯದು. ಅದರ ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡಿನ ಮುಳ್ಳೊಂದು ಮನಸ್ಸು ಬಂದಾಗ ಆಡುತ್ತಿತ್ತು. ಉಳಿದ ಮುಳ್ಳುಗಳೂ ದೀಪಗಳೂ ನಾನು ಸ್ಕೂಲಿಗೆ ಹೋಗುವಾಗಲೇ ಕಣ್ಣು ಮುಚ್ಚಿದ್ದವು. ದೊಡ್ಡಮ್ಮ ಅವಕ್ಕಾಗಿ ಅತ್ತವಳಲ್ಲ. ಎಂಜಿನ್ ಬಿಸಿಯಾದರೆ ಅದರ ದನಿ ಒಣಗುತ್ತದೆ, ಆಯಿಲ್ ಇಳಿದರೆ ಗೊಣಗುತ್ತದೆ, ಅಷ್ಟು ತಿಳಿಯಲು ಮೀಟರು ಯಾಕೆ ಎನ್ನುವಳು. ಒಮ್ಮೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕುಳಿತವಳು, ಬೀದಿಯಲ್ಲಿ ಹೋದ ಬ್ರೆಡ್ಡಿನ ವ್ಯಾನಿನ ಬೇರಿಂಗ್ ಹೋಗಿದೆ ಎಂದಳು. ವಾರದೊಳಗೆ ಆ ವ್ಯಾನು ನಡುರಸ್ತೆಯಲ್ಲಿ ಕೂತಿತು, ಊರಿಗೆ ಬ್ರೆಡ್ಡಿಲ್ಲ.

ಇಂಥವಳ ಕಿವಿ ಮಂದವಾಗತೊಡಗಿತ್ತು. ಈಗ ಗೊತ್ತಿದೆ, ಹೇಳುತ್ತಿದ್ದೇನೆ. ಆಗ ಅವಳೊಬ್ಬಳನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಎರಡು ಸಲ ಕರೆದರೂ ತಿರುಗದಿದ್ದರೆ ಮನೆಮಂದಿಯೆಲ್ಲ ಅದನ್ನು ಜಾಣಕಿವುಡು ಎಂದುಕೊಂಡೆವು. ತಪ್ಪು ನಮ್ಮದಲ್ಲ. ಆ ವಿದ್ಯೆಯಲ್ಲಿ ಅವಳು ಮೊದಲಿನಿಂದಲೂ ಪಳಗಿದವಳು, ಅದರಲ್ಲೂ ದೊಡ್ಡಪ್ಪ "ಈ ಡಬ್ಬಾ ಮಾರಿ ಸುಮ್ನೆ ಮನೇಲಿರು" ಎಂದಾಗ. ಕಿವಿಯ ಸುದ್ದಿ ಗೊತ್ತಾದರೆ ಆ ಮಾತಿಗೆ ಬಲ ಬಂದು ಪಿಕಪ್ಪು ಕೈಬಿಟ್ಟು ಹೋಗುತ್ತದೆ ಎಂಬ ಭಯ ಅವಳದು. ಸ್ಟೇರಿಂಗು ಹೋದರೆ ಅವಳಲ್ಲಿ ಉಳಿಯುವುದೇನು ಎಂದು ಅವಳಿಗೇ ತಿಳಿದಿರಲಿಲ್ಲ.

ಹೀಗಿರುವಾಗ ಒಂದು ದಿನ ಇದ್ದಕ್ಕಿದ್ದಂತೆ ಗಾಡಿಗೆ ಎರಡು ಮೀಟರು ಹಾಕಿಸಬೇಕು ಎಂದಳು, ಒಂದು ಹೀಟಿನದು, ಒಂದು ಆಯಿಲ್ ಪ್ರೆಷರಿನದು. ಗಾಡಿಗಳ ವೈರಿಂಗ್ ಮಾಡುವ ಫ್ಯೂಸಣ್ಣನ ಅಂಗಡಿಯಿಂದ ಎರಡನ್ನೂ ತಂದೇಬಿಟ್ಟಳು, ಬೆಳ್ಳಿ ಅಂಚಿನ ದುಂಡು ಮೀಟರುಗಳು. ಗಾಡಿಯನ್ನು ಒಂದು ದಿನ ಅಂಗಡಿಯಲ್ಲಿ ಬಿಡಬೇಕು ಎಂದು ಫ್ಯೂಸಣ್ಣ ಹೇಳಿ ಕಳಿಸಿದ್ದಕ್ಕೆ ದೊಡ್ಡಪ್ಪನಿಗೆ ಮೈಯೆಲ್ಲ ಉರಿಯಿತು.

ದೊಡ್ಡಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವರು ಪ್ಲಂಬರ್. ಕೆಲಸ ಬಿಟ್ಟಿದ್ದರೂ ಅವರ ಕೈ ಬಿಟ್ಟಿರಲಿಲ್ಲ. ಅವರು ಕೂಡಿಸಿದ ಪೈಪು ಸೋರಿದ್ದನ್ನು ಕಂಡವರಿಲ್ಲ, ಅದಕ್ಕೆ ಕಾರಣ ನಲ್ಲಿಯ ಥ್ರೆಡ್ಡಿಗೆ, ಅಂದರೆ ತಿರುಪಿನ ಗೀರುಗಳಿಗೆ, ಸುತ್ತುವ ಆ ಬಿಳಿ ಟೇಪು. ಬೇರೆಯವರು ಎರಡು ಸುತ್ತು ಹಾಕುವಲ್ಲಿ ಇವರು ಸುರುಳಿಯೇ ಮುಗಿಯುವಷ್ಟು ಸುತ್ತುವರು. ನಮ್ಮ ಮನೆಯಲ್ಲಿ ಸೌಟಿನ ಹಿಡಿಗೆ ಆ ಟೇಪು, ಕನ್ನಡಕದ ಕಾಲಿಗೆ ಆ ಟೇಪು. ಮಗುವೊಂದು ಅಳುತ್ತಿದ್ದರೆ ಅದಕ್ಕೂ ಸುತ್ತುತ್ತಿದ್ದರೇನೋ.

"ಜೀವಮಾನವೆಲ್ಲ ಪೈಪು ಕೂಡಿಸಿದವನಿಗೆ ಎರಡು ಮೀಟರು ಯಾವ ಲೆಕ್ಕ" ಎಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆಯೇ ಕೆಲಸ ಶುರುಮಾಡಿದರು. ನಾನು ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುವವಳು, ಗಂಟು ಇಳಿಸಲು ದೊಡ್ಡಮ್ಮನ ಜೊತೆ ಗಾಡಿಯಲ್ಲಿ ಹೋಗುವವಳು. ಆ ದಿನ ಟಾರ್ಚ್ ಹಿಡಿಯುವ ಕೆಲಸಕ್ಕೆ ಬಡ್ತಿ ಸಿಕ್ಕಿತು. ಡ್ಯಾಶ್‌ಬೋರ್ಡಿನ ಕೆಳಗೆ ಪಟ್ಟಿ ಕೂರಿಸಿ ಮೀಟರುಗಳನ್ನು ಸಿಕ್ಕಿಸಿದರು. ಎಂಜಿನ್ ಕಡೆಯಿಂದ ಒಳಕ್ಕೆ ವೈರು ಎಳೆದು, ತಗಡಿನ ಅಂಚು ಕೊಯ್ಯದಂತೆ ರಬ್ಬರ್ ಬಳೆ ತೊಡಿಸಿದರು. ಆಯಿಲಿನ ಸಣ್ಣ ಕೊಳವೆ ಕೂಡಿಸುವಾಗಲಂತೂ ಅವರ ಮುಖ ನೋಡಬೇಕಿತ್ತು, ತವರಿಗೆ ಬಂದ ಹೆಣ್ಣುಮಗಳ ಕಳೆ. ಕೊನೆಗೆ ಬೆರಳುದ್ದದ ಹಿತ್ತಾಳೆಯ ಸೆನ್ಸರು. ಎಂಜಿನ್ನಿನ ನೀರಿನ ಬಿಸಿಯನ್ನು ಮೀಟರಿಗೆ ತಿಳಿಸುವುದು ಅದೇ. ಅದರ ಥ್ರೆಡ್ಡಿಗೆ ಟೇಪು ಸುತ್ತಿದರು, ಸುತ್ತಿದರು, ಮತ್ತೂ ಸುತ್ತಿದರು. ಒಂದು ಹನಿ ನೀರು ಹೊರಬಂದರೆ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದು ಸ್ಪ್ಯಾನರ್ ತಿರುಗಿಸಿದರು.

ಹನಿ ಬರಲಿಲ್ಲ. ಗಾಡಿ ಚಾಲೂ ಮಾಡಿದಾಗ ಆಯಿಲಿನ ಮುಳ್ಳು ಎದ್ದು ನಿಂತಿತು, ಹೀಟಿನ ಮುಳ್ಳು ಮಲಗಿದ್ದಲ್ಲಿಂದ ಕದಲಲಿಲ್ಲ. ತಾವು ಹಿಂದಿನ ದಿನ ರೇಡಿಯೇಟರ್ ತೊಳೆದದ್ದರ ಫಲ ಅದು, ಎಂಜಿನ್ ಬಿಸಿಯೇ ಆಗುತ್ತಿಲ್ಲ ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ದೊಡ್ಡಮ್ಮ ನಂಬಿದಳು. ನಂಬುವುದು ಅವಳಿಗೆ ಬೇಕಾಗಿತ್ತು. ಅಲ್ಲಿಂದ ಮುಂದೆ ತಿರುವಿಗೊಮ್ಮೆ ಮುಳ್ಳು ನೋಡುವಳು, ಸೆರಗಿನಿಂದ ಗಾಜು ಒರೆಸುವಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂದು ನಾನು ನಕ್ಕೆ. ಅವಳೂ ನಕ್ಕಳು, ನಾನು ನಕ್ಕೆನಲ್ಲ ಎಂದು.

ಆಮೇಲೊಂದು ಮಧ್ಯಾಹ್ನ, ಹಿಂದೆ ತುಂಬ ಒಗೆದ ಬೆಡ್‌ಶೀಟಿನ ಗಂಟು ಹೇರಿಕೊಂಡು ಗುಡ್ಡದ ಮೇಲಿನ ಲಾಡ್ಜಿಗೆ ಏರು ಹತ್ತುತ್ತಿದ್ದೆವು. ಬಾನೆಟ್ಟಿನೊಳಗಿಂದ ಕಿರ್ರ್ ಎಂದು ಶುರುವಾಯಿತು. ಎಂಥ ಕಿರುಚು ಅಂದರೆ ಫುಟ್‌ಪಾತಿನ ಜನ ನಿಂತು ನೋಡಿದರು, ಹಣ್ಣಿನ ಅಂಗಡಿಯವಳು ಕಿವಿ ಮುಚ್ಚಿಕೊಂಡಳು. ನಾನು ದೊಡ್ಡಮ್ಮನಿಗೆ ಹೇಳಿದೆ. ಹೂಂ ಎಂದಳು. ತೋಳು ಅಲುಗಿಸಿ ಮತ್ತೆ ಹೇಳಿದೆ. ಬೆರಳಿನಿಂದ ಮುಳ್ಳನ್ನು ತೋರಿಸಿ, "ನೋಡು, ಎಷ್ಟು ತಣ್ಣಗಿದೆ" ಎಂದಳು. ಬ್ರೆಡ್ಡಿನ ವ್ಯಾನಿನ ಬೇರಿಂಗನ್ನು ಅಡುಗೆಮನೆಯಿಂದ ಕೇಳಿದವಳು ಹೀಗೆನ್ನುವಾಗ ನಾನ್ಯಾವ ದೊಡ್ಡ ಮನುಷ್ಯಳು ಎಂದು ಸುಮ್ಮನಾದೆ. ಇನ್ನೆರಡು ತಿರುವಿಗೆ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದು ಎದುರಿನ ರಸ್ತೆಯೇ ಕಾಣದಾಯಿತು. ಆಗಲೂ ಮುಳ್ಳು ಮಲಗಿಯೇ ಇತ್ತು.

ದೊಡ್ಡಮ್ಮ ಗಾಡಿ ಬದಿಗೆ ನಿಲ್ಲಿಸಿದಳು, ನಾನು ಭಾರ ಕಡಿಮೆಯಾಗಲೆಂದು ಒಂದಷ್ಟು ಗಂಟು ಕೆಳಗಿಳಿಸಿ ಫೋನ್ ಮಾಡಿದೆ. ಫ್ಯೂಸಣ್ಣ ಸ್ಕೂಟರಿನಲ್ಲಿ ದೊಡ್ಡಪ್ಪನನ್ನೂ ಕೂರಿಸಿಕೊಂಡು ಬಂದ. ಎಂಜಿನ್ ಆರುವವರೆಗೆ ಕಾದು ಬಾನೆಟ್ ಎತ್ತಿ ನೋಡಿದರೆ ಬೆಲ್ಟು ಸಡಿಲಾಗಿ, ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದು ಜಾರಿದ್ದರಿಂದ ನೀರಿನ ಪಂಪು ತಿರುಗಿಲ್ಲ, ಎಂಜಿನ್ ಕುದ್ದಿದೆ. ಸರಿ, ಮೀಟರು ಯಾಕೆ ಹೇಳಲಿಲ್ಲ? ಫ್ಯೂಸಣ್ಣ ಸೆನ್ಸರಿನ ವೈರು ಬಿಚ್ಚಿ ಎಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿದ. ಮುಳ್ಳು ತಟ್ಟನೆ ತುದಿಗೆ ಹಾರಿತು. ಮೀಟರು ಸರಿಯಿದೆ ಎಂದಾಯಿತು. ಆಮೇಲೆ ಬಗ್ಗಿ ಸೆನ್ಸರಿನ ಬುಡ ನೋಡಿದ. ಸೆನ್ಸರಿನ ಬರಿಯ ಥ್ರೆಡ್ಡು ಕಬ್ಬಿಣಕ್ಕೆ ತಗುಲಿದರೆ ಮಾತ್ರ ಕರೆಂಟು ಹರಿದು ಮುಳ್ಳು ಏಳುವುದಂತೆ. ಈ ಸೆನ್ಸರು ಮಳೆಗಾಲಕ್ಕೆ ಹೊರಟಂತೆ ಪೂರಾ ಟೇಪು ಹೊದ್ದಿತ್ತು.

ನಗುತ್ತಾನೆ ಎಂದುಕೊಂಡೆ. ದೊಡ್ಡಪ್ಪನ ಮುಖ ನೋಡಿ ಅವನೂ ನಗಲಿಲ್ಲ. ಅವರು ರಸ್ತೆ ಬದಿಯಲ್ಲಿ ಇಳಿಸಿದ್ದ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತರು. ಎರಡೂ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

"ನನ್ನ ಕೈಯಾರೆ ನಿನ್ನ ಗಾಡಿ ಸುಟ್ಟೆ" ಎಂದರು. "ಇನ್ನು ಸ್ಪ್ಯಾನರ್ ಮುಟ್ಟಲ್ಲ."

ದೊಡ್ಡಮ್ಮ ಸುಮ್ಮನಿದ್ದರೆ ಆಗಿತ್ತು. ತಪ್ಪು ಟೇಪಿನ ತಲೆಗೆ ಬಂದಾಗಿತ್ತು, ಅವಳ ಗುಟ್ಟು ಅವಳಲ್ಲೇ ಉಳಿಯುತ್ತಿತ್ತು. ಹಾವೂ ಸಾಯುವಂತಿರಲಿಲ್ಲ, ಕೋಲೂ ಮುರಿಯುವಂತಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಆಮೇಲೆ ಹೋಗಿ ಪಕ್ಕದ ಗಂಟಿನ ಮೇಲೆ ಕೂತಳು.

"ಟೇಪಿಂದ ಅಲ್ಲ ರೀ. ಬೆಲ್ಟು ಕೂಗಿದ್ದು ಬೀದಿಗೆಲ್ಲ ಕೇಳಿಸಿದೆ. ನನಗೆ ಕೇಳಿಸಲಿಲ್ಲ."

ದೊಡ್ಡಪ್ಪ ಏನೋ ಕೇಳಿದರು, ಬಹಳ ಮೆಲ್ಲಗೆ. ಅವಳು ಅವರ ತುಟಿಯ ಕಡೆ ಬಗ್ಗಿದಳು.

"ಜೋರಾಗಿ ಹೇಳಿ, ಈಗ ಮುಚ್ಚಿಡೋಕೆ ಏನಿದೆ. ಅದಕ್ಕೇ ಮೀಟರು ತಂದಿದ್ದು. ಗೊತ್ತಾದ್ರೆ ಗಾಡಿ ಮಾರಿಸ್ತೀರಿ ಅಂತ ಹೇಳಲಿಲ್ಲ." ಕೊನೆಗೆ, "ಮಾರಬೇಡಿ" ಎಂದಳು.

ಯಾರ ಹತ್ತಿರವೂ ಏನನ್ನೂ ಬೇಡಿದವಳಲ್ಲ ನಮ್ಮ ದೊಡ್ಡಮ್ಮ. ನನಗೆ ಅಳು ಬಂತು, ಬೆಡ್‌ಶೀಟಿಗೇ ಮುಖ ಒರೆಸಿಕೊಂಡೆ. ಹೇಗೂ ಅದನ್ನು ಮತ್ತೆ ಒಗೆಯಬೇಕಾಗಿತ್ತು. ಫ್ಯೂಸಣ್ಣ ಬೆಲ್ಟು ತರುವ ನೆಪ ಹೇಳಿ ಸ್ಕೂಟರ್ ಹತ್ತಿದ. ದೊಡ್ಡಪ್ಪ ಎದ್ದು ಹೋಗಿ, ಮುಟ್ಟುವುದಿಲ್ಲ ಎಂದಿದ್ದ ಸ್ಪ್ಯಾನರನ್ನೇ ತೆಗೆದುಕೊಂಡು, ಸೆನ್ಸರು ಬಿಚ್ಚಿ ಉಗುರಿನಿಂದ ಟೇಪು ಕೆರೆಯತೊಡಗಿದರು.

ಬರಿಯ ಥ್ರೆಡ್ಡಿನಲ್ಲಿ ಸೆನ್ಸರು ಕೂರಿಸಿ, ಹೊಸ ಬೆಲ್ಟು ಹಾಕಿದ ಮೇಲೆ ಹೀಟಿನ ಮುಳ್ಳು ಮೆಲ್ಲಗೆ ಎದ್ದು ನಡುವೆ ನಿಂತಿತು. ಮುಂದಿನ ವಾರ ದೊಡ್ಡಮ್ಮ ಕಿವಿಯ ಡಾಕ್ಟರಲ್ಲಿಗೆ ಹೋದಳು. ಅವರು ಕಿವಿಗೆ ಯಂತ್ರ ಕೊಟ್ಟರು, ಪರೀಕ್ಷೆ ಮಾಡಿ ಗಾಡಿ ಓಡಿಸಬಹುದು ಎಂದರು. ಯಂತ್ರದಲ್ಲಿ ಹಾರ್ನ್ ಕೇಳುತ್ತದೆ, ಮಾತು ಕೇಳುತ್ತದೆ, ದೊಡ್ಡಪ್ಪನ ಗೊರಕೆಯೂ ಕೇಳುತ್ತದಂತೆ. ಎಂಜಿನ್ ಮಾತ್ರ ಬರೀ ಗೌಜು, ಒಂದು ಸದ್ದಿನಿಂದ ಇನ್ನೊಂದನ್ನು ಬಿಡಿಸಲು ಆಗುವುದಿಲ್ಲ ಎನ್ನುತ್ತಾಳೆ.

ಈಗ ಪಕ್ಕದ ಸೀಟಿನಲ್ಲಿ ದೊಡ್ಡಪ್ಪ ಕೂರುತ್ತಾರೆ. ಯಾರೂ ಕರೆಯಲಿಲ್ಲ, ಒಂದು ಬೆಳಿಗ್ಗೆ ತಾವಾಗಿಯೇ ಹತ್ತಿ ಬಾಗಿಲು ಹಾಕಿಕೊಂಡರು, ನಾನು ಬಟ್ಟೆ ಮಡಚುವ ಮೇಜಿಗೆ ವಾಪಸು. ಆದರೆ ಅವರ ಕಿವಿ ಜೀವಮಾನವಿಡೀ ತೊಟ್ಟಿಕ್ಕುವ ನೀರನ್ನು ಬಿಟ್ಟು ಬೇರೇನೂ ಕೇಳಿದ್ದಲ್ಲ. ಬೆಲ್ಟು ಯಾವುದು, ಬೇರಿಂಗ್ ಯಾವುದು, ಒಂದೂ ತಿಳಿಯದು.

ಮೊನ್ನೆ ಗಂಟು ಹೊತ್ತು ಲಾಂಡ್ರಿಯ ಹಿಂಬಾಗಿಲಿಗೆ ಬಂದೆ. ಪಿಕಪ್ಪು ಆಫ್ ಆಗಿ ನಿಂತಿತ್ತು, ಒಳಗೆ ಇಬ್ಬರೂ ಕೂತಿದ್ದರು. ದೊಡ್ಡಮ್ಮ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಿದ್ದಳು. ಸಡಿಲ ಬೆಲ್ಟಿನದು, ಒಣಗಿದ ಬೇರಿಂಗಿನದು, ಆಯಿಲ್ ಇಳಿದಾಗ ಒಳಗೆ ಟಕಟಕ ಎನ್ನುವುದು. ತನಗೆ ಇನ್ನು ಕೇಳಿಸದ ಸದ್ದುಗಳೆಲ್ಲ ಅವಳ ಬಾಯಲ್ಲಿ ಇದ್ದವು, ಒಂದೂ ತಪ್ಪಿರಲಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೊದಲ ಸಲಕ್ಕೇ ಅವರಿಗೆ ತಿಳಿದಿತ್ತು ಎಂದು ನನ್ನ ಅನುಮಾನ. ಆದರೂ ಅರ್ಥವಾಗಲಿಲ್ಲ, ಇನ್ನೊಂದು ಸಲ ಮಾಡು ಎಂದರು. ಅವಳು ಬೈದುಕೊಂಡೇ ಮತ್ತೆ ಮೊದಲಿನಿಂದ ಶುರುಮಾಡಿದಳು.