ಕಳ್ಳನಿಗೆ ಒಂದೇ ಬೀಗ

ದೊಡ್ಡಬಳ್ಳಾಪುರದ ನನ್ನ ಮನೆಯ ಮಹಡಿಯಲ್ಲಿ ಪ್ರತಿ ಭಾನುವಾರ ಮೂವರು ಗೆಳೆಯರು ಕಥೆಯಾಟ ಆಡಲು ಸೇರುತ್ತಿದ್ದರು. ದಾಳ, ಪೆನ್ಸಿಲ್, ಕಾಗದ, ಉಳಿದದ್ದೆಲ್ಲ ಬಾಯಿಮಾತು. ನಾನು ಕಥೆ ಕಟ್ಟುವವನು, ಅವರು ಒಬ್ಬೊಬ್ಬ ವೀರನಾಗಿ ಅದರೊಳಗೆ ನುಗ್ಗುವವರು; ಕೈಹಾಕಿದ ಕೆಲಸ ಆಯಿತೋ ಇಲ್ಲವೋ ಎಂದು ಹೇಳುವುದು ದಾಳ. ಆರು ವರ್ಷ ಆಡಿದ ಮೇಲೆ ಒಬ್ಬನ ಮಾಂತ್ರಿಕ ಆಕಾಶದಲ್ಲಿ ಹಾರುತ್ತಿದ್ದ. ಇನ್ನೊಬ್ಬನ ಪೂಜಾರಿ ಸತ್ತವರನ್ನು ಎಬ್ಬಿಸುತ್ತಿದ್ದ. ಸೂಲಿಬೆಲೆಯ ಗೆಳೆಯನ ವೀರ ಮಾತ್ರ ಕಳ್ಳ. ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು, ಅಷ್ಟೇ. ಹಸು ಕರೆದು, ಡೇರಿಗೆ ಹಾಲು ಹಾಕಿ, ಬೈಕಿನಲ್ಲಿ ಬರುತ್ತಿದ್ದ ಅವನು ಒಂದು ವಾರವೂ ತಪ್ಪಿಸಿದವನಲ್ಲ.

ಇಷ್ಟು ಬಲಿತ ವೀರರಿಗೆ ಸಾಹಸ ಬರೆಯುವುದು ತಲೆನೋವಿನ ಕೆಲಸ. ಕಂದಕ ತೋಡಿದರೆ ಹಾರುತ್ತಾರೆ, ಕೊಂದರೆ ಎದ್ದು ಕೂರುತ್ತಾರೆ. ಯಾರ ವೀರನಿಗೆ ಏನೇನು ಬರುತ್ತದೆಂದು ಒಂದೊಂದು ಹಾಳೆಯಲ್ಲಿ ಬರೆಸಿಕೊಂಡು, ಒಂದು ತಿಂಗಳು ಕೂತು ಕೋಟೆಯೊಂದನ್ನು ಕಟ್ಟಿದೆ. ಹಾರುವವನಿಗೆ ಬಿರುಗಾಳಿ, ಪೂಜಾರಿಗೆ ಶಾಪ ತಗುಲಿದ ಹೆಣಗಳು, ಎಲ್ಲ ಪುಟಗಟ್ಟಲೆ. ಕಳ್ಳನಿಗೆ ಖಜಾನೆ ಬಾಗಿಲಿನ ಬೀಗ, ಎಲೆ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ಸಾಲದ್ದಕ್ಕೆ ಸೂಲಿಬೆಲೆಯವನಿಗೆ ಫೋನ್ ಮಾಡಿ, "ಈ ಸಲ ಖಜಾನೆ ನಿಂದೇ ಕಣೋ" ಎಂದು ಜಂಬ ಕೊಚ್ಚಿಕೊಂಡೆ.

ಆ ಭಾನುವಾರ ಆಟ ಶುರುವಾದ ಮೇಲೆ ಅವನು ನಾಲ್ಕು ಗಂಟೆ ಕಾಲ ಕಾದ. ದಾಳ ಹಿಡಿದುಕೊಂಡೇ ಕಾದ. ಕೊನೆಗೂ ಕಥೆಯಲ್ಲಿ ಖಜಾನೆ ಬಾಗಿಲು ಬಂತು. ಅವನು ದಾಳ ಉರುಳಿಸಲು ಕೈ ಎತ್ತುವ ಮೊದಲೇ ಮಾಂತ್ರಿಕನಾಗಿ ಆಡುತ್ತಿದ್ದವನು, "ತಡಿ ಗುರು, ನನ್ ಹತ್ರ ಬೀಗ ತೆಗ್ಯೋ ಮಂತ್ರ ಐತೆ" ಎಂದ.

ಇತ್ತು. ಅವನ ಹಾಳೆಯಲ್ಲಿ ನಾನೇ ಓದಿ ಮರೆತಿದ್ದೆ. ಬೇಡ ಎನ್ನಬಹುದಿತ್ತು, ಆ ಕಥೆಗೆ ದೇವರು ನಾನೇ ತಾನೆ. ಆದರೆ ನಿಯಮ ಅಂದರೆ ನಿಯಮ ಎಂಬ ದೊಡ್ಡಸ್ತಿಕೆ ನನಗೆ. "ತೆಗೀತು" ಎಂದೆ.

ಕಳ್ಳನಾಗಿ ಆಡುತ್ತಿದ್ದ ಗೆಳೆಯ ದಾಳವನ್ನು ಡಬ್ಬಿಗೆ ಹಾಕಿ ಎದ್ದ. ನಾಚಿಕೆಗೆಟ್ಟ ನಾನು ನಿಯಮದ ಪುಸ್ತಕ ಹಿಡಿದು ಮೆಟ್ಟಿಲವರೆಗೂ ಹಿಂದೆ ಹೋದೆ.

"ಪುಸ್ತಕ ತೋರಿಸ್ಬೇಡ ಕಣ್ಲಾ. ಆರು ವರ್ಷ ಆಡಿವ್ನಿ, ನಂಗೂ ಗೊತ್ತು. ನನ್ ಹಾಳೆ ಓದಿದ್ಯಾ? ಅದ್ ಹೇಳು."

ಓದಿರಲಿಲ್ಲ. ಬೀಗ ತೆಗೆಯುವವನದ್ದು ಓದುವುದೇನಿದೆ ಎಂದು ಪಕ್ಕಕ್ಕಿಟ್ಟಿದ್ದೆ. ನಾನು ಬಾಯಿ ಬಿಡುವಷ್ಟರಲ್ಲಿ ಅವನು ಬೈಕ್ ಹತ್ತಿದ್ದ.

ಮುಂದಿನ ಭಾನುವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ಉಳಿದಿಬ್ಬರು ಖಜಾನೆಯೊಳಗಿನ ಕಾಳಗಕ್ಕೆ ಕೂತರು. ಅವನಿಲ್ಲದೆ ಇವರು ಎಲ್ಲಾದರೂ ಸಿಕ್ಕಿಬೀಳಲಿ, ಒಮ್ಮೆಯಾದರೂ ಅವನನ್ನು ನೆನೆಯಲಿ ಎಂದು ಒಳಗೊಳಗೇ ಬೇಡಿಕೊಂಡೆ. ಸಂಜೆಯೊಳಗೆ ಸಲೀಸಾಗಿ ಗೆದ್ದು ಎದ್ದರು. ಅವನು ಬೇಕೆನಿಸುವಂಥ ಒಂದು ಸಾಲನ್ನೂ ನಾನು ಬರೆದಿರಲಿಲ್ಲ.