ಸಾಲ್ವು ಬಡಿದ ಕೊಳವೆ

ಸೇಂಟ್ ಆಲ್ಬನ್ಸಿನ ಆ ಬೀದಿಯಲ್ಲಿ ಯಾರ ಕಾರು ಕೆಮ್ಮಿದರೂ ಮೊದಲು ಬಂದು ನಿಲ್ಲುತ್ತಿದ್ದುದು ಸಾಲ್ವು ಗಲೇಯನ ಮನೆಯ ಮುಂದೆ. ಸಾಲ್ವು ಮೆಕ್ಯಾನಿಕ್ ಅಲ್ಲ. ಇಪ್ಪತ್ತಾರು ವರ್ಷದಿಂದ ಮೀನು, ಬಟಾಣಿ ತುಂಬಿದ ಶೀತಲ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿಕೊಂಡಿದ್ದವನು. ಆದರೆ ಶನಿವಾರ ಬಂತೆಂದರೆ ನಿಂಬೆಗಿಡದ ಪಕ್ಕದ ಕಾಂಕ್ರೀಟಿನ ಮೇಲೆ ಜ್ಯಾಕು, ಸ್ಪಾನರು ಹರಡಿಕೊಳ್ಳುವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣುಮುಚ್ಚಿ ಕೇಳುವನು. ಆಮೇಲೆ ತೀರ್ಪು. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿರಲಿಲ್ಲ.

“ಪೋಪ್‌ಗಾದ್ರೂ ಒಂದೊಂದ್ಸಲ ಅನುಮಾನ ಬರುತ್ತೇನೋ, ನಿಂಗೆ ಬರಲ್ಲ ನೋಡು,” ಎನ್ನುತ್ತಿದ್ದ ಪಕ್ಕದ ಮನೆಯ ನೆನು. ಬಸ್ಸು ಓಡಿಸಿ ನಿವೃತ್ತನಾದ ಮುದುಕ. ಹಾಲಿನ ಕ್ರೇಟನ್ನು ಬೋರಲು ಹಾಕಿ ಕುಳಿತು ನೋಡುವುದೇ ಅವನ ಶನಿವಾರ.

ಸಾಲ್ವುವಿನ ತಂಗಿಯ ಮಗಳು ಮಾರ್ಥೀಸ್ ತನ್ನ ಪುಟ್ಟ ಹ್ಯಾಚ್‌ಬ್ಯಾಕ್ ತಂದು ನಿಲ್ಲಿಸಿದ್ದು ಅಂಥದ್ದೊಂದು ಬೆಳಿಗ್ಗೆ. ಹಿಂದಿನ ಸೀಟಿನಲ್ಲಿ ಒಂಬತ್ತು ತಿಂಗಳ ಮಗಳು ಲುಚಿಯಾ.

“ಮಾವ, ಇದರ ಕೂದ್ಲು ಮೂಸಿ ನೋಡು. ಹೊಗೆ ವಾಸ್ನೆ ಅಲ್ವಾ? ನಂಗೊಬ್ಳಿಗೇ ಬರ್ತಿದೆಯಾ? ರಾತ್ರಿಯೆಲ್ಲ ಅದೇ ಯೋಚ್ನೆ.”

ಅವಳ ಮೂಗು ಸುಳ್ಳು ಹೇಳಿರಲಿಲ್ಲ. ಇಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಎರಕದ ಕೊಳವೆ ಸೀಳು ಬಿಟ್ಟಿತ್ತು. ಹೊಸದು ಹಾಕಲೇಬೇಕು.

“ಸ್ಟೇಷನ್ ಹತ್ರ ಹಾನ್ ಇದಾಳಲ್ಲ, ಸೈಲೆನ್ಸರ್ ಅಂಗಡಿಯವ್ಳು. ಅವಳೇ ಕೊಳವೆ ಬಗ್ಗಿಸಿ ಮಾಡ್ತಾಳಂತೆ. ಎರಡು ದಿನದ ಕೆಲ್ಸ ಅಂದ್ಳು,” ಎಂದಳು ಮಾರ್ಥೀಸ್.

ಸಾಲ್ವು ಮೂಗು ಮುರಿದ. “ಹಾನ್ ಮಾಡೋದು ತಗಡಿನ ಕೆಲ್ಸ. ಎರಡು ಮಳೆಗಾಲಕ್ಕೆ ತುಕ್ಕು. ಮನೇಲಿ ನಾನಿಲ್ವಾ?”

ಅಲ್ಲಿಂದ ಎರಡು ವಾರ ಯಾವ ಕೊಳವೆ ತರಿಸುವುದೆಂಬ ವಿಚಾರಣೆಯೇ ಅವನಿಗೆ ಹಬ್ಬ. ಇಂಜಿನ್ನಿನಿಂದ ಹೊರಡುವ ನಾಲ್ಕು ಕೊಳವೆ ನೇರವಾಗಿ ಒಂದಕ್ಕೆ ಕೂಡಿದರೆ ಓಟದ ಕಾರಿಗೆ ಸರಿ. ನಾಲ್ಕು ಎರಡಾಗಿ, ಎರಡು ಒಂದಾದರೆ ಊರೊಳಗಿನ ನಿಧಾನದ ಓಡಾಟಕ್ಕೆ ಎಳೆತ ಚೆನ್ನ. ಉಕ್ಕು ತುಕ್ಕುಹಿಡಿಯದ್ದಾಗಿರಬೇಕು, ಬೆಸುಗೆ ಒಳಗಡೆಯೂ ನುಣುಪಾಗಿರಬೇಕು. ಮಗುವಿನ ಗಲಾಟೆಗೆ ನಿದ್ದೆಗೆಟ್ಟ ಮಾರ್ಥೀಸ್ ಫೋನಿನಲ್ಲಿ ಇದನ್ನೆಲ್ಲ ಕೇಳಿ, “ಹೊಗೆ ಒಳಗೆ ಬರಲ್ಲ ತಾನೇ ಮಾವ? ಅಷ್ಟಾದ್ರೆ ಸಾಕು,” ಎನ್ನುತ್ತಿದ್ದಳು. ಕೊನೆಗೆ ಅವನು ಅಮೆರಿಕದಿಂದ ನಾಲ್ಕು ಕೊಳವೆಗಳ ಒಂದು ಗೊಂಚಲು ತರಿಸಿದ. ಚಿತ್ರದಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕಾರಿನ ಹೆಸರು ಅದೇ, ಇಂಜಿನ್ನಿನ ಅಳತೆ ಅದೇ, ಬೋಲ್ಟಿನ ತೂತುಗಳೂ ಅವೇ. ಅದು ಬರುವ ತನಕ ಆರು ವಾರ ಮಾರ್ಥೀಸ್ ಮಗುವನ್ನು ಬಸ್ಸಿನಲ್ಲಿ ಹೊತ್ತು ತಿರುಗಿದಳು.

ಜೋಡಿಸುವ ಶನಿವಾರ ಎಲ್ಲ ನೀಟಾಗಿ ನಡೆಯಿತು. ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರಿಂದ ತುಕ್ಕು ಬೋಲ್ಟುಗಳು ತಕರಾರಿಲ್ಲದೆ ಬಿಚ್ಚಿಕೊಂಡವು. ಹಳೆಯ ಕೊಳವೆ ಕೆಳಗಿಳಿಯಿತು. ಹೊಸ ತಾಮ್ರದ ಗ್ಯಾಸ್ಕೆಟ್ ಇಟ್ಟು, ಹೊಳೆಯುವ ಗೊಂಚಲನ್ನು ಸಾಲ್ವು ಕೆಳಗಿನಿಂದ ಮೇಲೆತ್ತಿದ. ಇನ್ನೆರಡು ಬೆರಳು ಹೋಗಬೇಕು. ಹೋಗಲಿಲ್ಲ. ತಿರುಗಿಸಿದ, ಓರೆ ಮಾಡಿದ, ಮತ್ತೆ ಎತ್ತಿದ. ಟಣ್ ಎಂದಿತು. ಟಾರ್ಚು ಹಿಡಿದು ನೋಡಿದರೆ ನಾಲ್ಕನೆಯ ಕೊಳವೆ ಸ್ಟೀರಿಂಗಿನ ಕಂಬಿಗೆ ಅಡ್ಡ ಬರುತ್ತಿದೆ.

ಬೆನ್ನ ಕೆಳಗಿನ ಕಾಂಕ್ರೀಟು ಒಮ್ಮೆಲೇ ತಣ್ಣಗಾಯಿತು. ಇಲ್ಲಿ ಸ್ಟೀರಿಂಗು ಬಲಗಡೆ, ಅಮೆರಿಕದಲ್ಲಿ ಎಡಗಡೆ. ಅವರ ಕೊಳವೆ ಬಲಗಡೆಗೆ ಧಾರಾಳವಾಗಿ ಬಾಗುತ್ತದೆ, ಅಲ್ಲಿ ಅವರಿಗೆ ಅಡ್ಡಿಯೇನೂ ಇಲ್ಲ. ಎಳೆಮಗುವಿಗೂ ಹೊಳೆಯಬೇಕಾಗಿದ್ದ ಸಂಗತಿ. ಉಕ್ಕಿನ ಜಾತಿ ವಿಚಾರಿಸಿದವನು, ಬೆಸುಗೆಯ ಒಳಮೈ ವಿಚಾರಿಸಿದವನು, ಸ್ಟೀರಿಂಗ್ ಯಾವ ಕಡೆ ಎಂದು ಮಾತ್ರ ವಿಚಾರಿಸಿರಲಿಲ್ಲ.

“ಏನಾಯ್ತು ಸ್ವಾಮಿ, ಜಪ ಮಾಡ್ತಿದೀಯಾ ಕೆಳಗೆ?” ಎಂದ ನೆನು.

“ಏನಿಲ್ಲ. ಸುತ್ತಿಗೆ ಕೊಡು.”

“ಹೊಸ ಕೊಳವೇಗೆ ಸುತ್ತಿಗೆ?”

“ಕೊಡು ಅಂದ್ರೆ ಕೊಡೋ ಮಾರಾಯ.”

ಅವನು ಕೊಳವೆಯನ್ನು ಹೊರಗೆಳೆದು ಮರದ ದಿಮ್ಮಿಯ ಮೇಲಿಟ್ಟು ಬಡಿದ. ಅಡುಗೆಮನೆಯ ಕಿಟಕಿಯಿಂದ ಮಾರ್ಥೀಸ್ ಕೂಗಿದಳು: “ಮಾವ, ಅದೇನು ಸದ್ದು?”

“ತುಕ್ಕು ಬಿಡಿಸ್ತಿದೀನಿ.”

ಹೊಳೆಯುವ ಮೈಯಲ್ಲಿ ಮೊಟ್ಟೆಯಷ್ಟು ದೊಡ್ಡ ತಗ್ಗು ಬಿತ್ತು. ಈ ಸಲ ಕೊಳವೆ ಸ್ಥಳಕ್ಕೆ ಹೋಗಿ ಕೂತಿತು. ಕಂಬಿಗೂ ಕೊಳವೆಗೂ ನಡುವೆ ಮಾರ್ಥೀಸ್ ತಂದಿದ್ದ, ಗಿಣ್ಣು ತುಂಬಿದ ಪಸ್ತೀತ್ಸಿ ಕಡುಬಿನ ಡಬ್ಬಿಯಿಂದ ಹರಿದ ರಟ್ಟಿನ ಚೂರನ್ನು ತೂರಿಸಿ ನೋಡಿದ. ತೂರಿತು. ಬಿಸಿಯಾದರೆ ಲೋಹ ಹಿಗ್ಗುತ್ತದೆ, ವೇಗ ಹೆಚ್ಚಿಸಿದಾಗ ಇಂಜಿನ್ನು ಹಿಂದಕ್ಕೆ ವಾಲುತ್ತದೆ ಎಂಬುದು ಅವನಿಗೆ ತಿಳಿಯದ್ದಲ್ಲ. ಆ ತಿಳಿವಳಿಕೆಯನ್ನು ಅವತ್ತು ಆ ಕಡೆ ಮುಖ ಮಾಡಿ ನಿಲ್ಲಿಸಿದ.

ಇಂಜಿನ್ನು ಶುರುವಾದಾಗ ಸದ್ದು ಗಂಭೀರವಾಗಿತ್ತು, ಹೊಗೆಯ ಸುಳಿವಿರಲಿಲ್ಲ. ಮಾರ್ಥೀಸ್ ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಬಿಸಿ ಪಸ್ತೀತ್ಸಿಯ ತಟ್ಟೆ ಹಿಡಿದಳು. ಅವನು ಒಂದನ್ನು ತೆಗೆದುಕೊಂಡು, ಕಚ್ಚದೆ ನೆನುವಿಗೆ ದಾಟಿಸಿದ.

ಮಂಗಳವಾರ ಅವಳ ಫೋನು ಬಂತು. “ಮಾವ, ಬೈಬೇಡ. ಶಿಶುವಿಹಾರದ ಹತ್ರ ವೃತ್ತ ಇದ್ಯಲ್ಲ, ಅಲ್ಲಿ ಬಲಕ್ಕೆ ತಿರುಗ್ಸುವಾಗ ಸ್ಟೀರಿಂಗ್ ಒಂದು ಚೂರು ಹಿಡ್ಕೊಂಡ ಹಾಗಾಯ್ತು. ಆಮೇಲೆ ಬಿಟ್ಕೊಳ್ತು. ನಂಗೆ ಸುಮ್ನೆ ಹಾಗನ್ಸಿತೋ ಏನೋ. ನಂಗೆ ಎಲ್ಲದಕ್ಕೂ ಭಯ ಅಂತ ಅಮ್ಮನೂ ಬೈತಾಳೆ.”

ಅವನು ಆಗಲೇ ನಿಜ ಹೇಳಬಹುದಾಗಿತ್ತು. ಗೋದಾಮಿನ ಚಳಿಯಲ್ಲಿ, ಕೈಗವಸಿನಲ್ಲಿ ಫೋನು ಹಿಡಿದು ನಿಂತು, “ಹೊಸದಲ್ವಾ, ಕೂತ್ಕೊಳ್ಳುತ್ತೆ,” ಎಂದ.

“ಹೌದಾ? ನೀನು ಹೇಳಿದ್ಮೇಲೆ ಸರಿ,” ಎಂದಳು ಅವಳು. ಆ ಧ್ವನಿಯಲ್ಲಿನ ನಿರಾಳ ಅವನ ಬೆನ್ನಿಗೆ ಬಾರುಗೋಲಿನ ಹಾಗೆ ಬಿತ್ತು.

ಬುಧವಾರ ತಡವಾಗಿ ಬರುವೆನೆಂದು ಗೋದಾಮಿಗೆ ಹೇಳಿ, ಬೆಳಿಗ್ಗೆ ಆ ವೃತ್ತದ ಎದುರಿನ ಬಸ್ ನಿಲ್ದಾಣದಲ್ಲಿ ಕಳ್ಳನ ಹಾಗೆ ಕುಳಿತ. ಎಂಟೂಕಾಲಿಗೆ ಅವಳ ಕಾರು ಬಂತು. ಲಾರಿಯೊಂದಕ್ಕೆ ದಾರಿ ಬಿಟ್ಟು, ಒಳಗೆ ನುಗ್ಗಿ, ಬಲಕ್ಕೆ ತಿರುಗತೊಡಗಿತು. ನಡುವಿನಲ್ಲಿ ಅವಳ ಎರಡೂ ಮೊಣಕೈ ಮೇಲೆದ್ದವು. ಎಳೆದಳು. ಕಾರು ಒಂದು ಗಳಿಗೆ ನೇರಕ್ಕೇ ಹೋಗಿ, ಕಟ್ಟೆಯ ಅಂಚು ಸವರಿ, ಮತ್ತೆ ತಿರುಗಿತು. ಹಿಂದಿನ ಗಾಜಿನಲ್ಲಿ ಮಗುವಿನ ಹಳದಿ ಟೋಪಿ ಅಲ್ಲಾಡಿತು.

ಸಾಲ್ವು ಎದ್ದು ನಿಂತ. ಆಮೇಲೆ ಹೆಚ್ಚುಕಮ್ಮಿ ಓಡುತ್ತಲೇ ಶಿಶುವಿಹಾರದ ಗೇಟಿಗೆ ಹೋದ. ಮಾರ್ಥೀಸ್ ಆಗತಾನೇ ಮಗುವನ್ನು ಸೀಟಿನಿಂದ ಬಿಚ್ಚುತ್ತಿದ್ದಳು.

“ಕೀ ಕೊಡು. ಇನ್ನು ಓಡಿಸ್ಬೇಡ. ಹಾನ್ ಹತ್ರ ಒಂದ್ಸಲ ಎತ್ತಿ ನೋಡಿಸೋಣ.”

“ನೀನು ಇಲ್ಲಿ? ಹಾನ್ ಹತ್ರಾನಾ?” ಅವಳ ಮುಖ ಬಿಳಿಚಿತು. “ಅಂದ್ರೆ ಏನೋ ಇದೆ.”

“ಏನಿಲ್ಲ,” ಎಂದ ಸಾಲ್ವು. ಆಗಲೂ ಹಾಗೆಯೇ ಎಂದ.

ಇಳಿಜಾರು ಬೀದಿಗಳಲ್ಲಿ, ಬರೀ ಎಡ ತಿರುವುಗಳನ್ನೇ ಹುಡುಕಿಕೊಂಡು, ಅವನು ಕಾರನ್ನು ನಡಿಗೆಯ ವೇಗದಲ್ಲಿ ಒಯ್ದ. ಮಾರ್ಥೀಸ್ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಡೆದೇ ಬಂದಳು.

ಹಾನ್ ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಮ್ಮಿ. ಕಾರನ್ನು ಮೇಲೆತ್ತಿ ದೀಪ ಹಿಡಿದಳು. ಸ್ಟೀರಿಂಗಿನ ಕಂಬಿಯ ಮೇಲೆ ಉಜ್ಜಿ ಉಜ್ಜಿ ಬೆಳ್ಳಗಾದ ಗೆರೆ. ಅದರ ಎದುರಿಗೇ ತಗ್ಗು, ತಗ್ಗಿನೊಳಗೆ ಸುತ್ತಿಗೆಯ ದುಂಡನೆಯ ಗುರುತುಗಳು.

“ಇದು ಎಡಗಡೆ ಸ್ಟೀರಿಂಗಿನ ಗಾಡೀದು,” ಎಂದಳು ಹಾನ್. “ಇದನ್ನ ಬಡಿದದ್ದು ಯಾರು?”

ಕುಂಬಳಕಾಯಿ ಕಳ್ಳನ ಹಾಗೆ ಸಾಲ್ವುವಿನ ಕೈ ತಾನಾಗಿ ಅಂಗಿಯ ಜೇಬಿನೊಳಗೆ ಹೋಗಿ ಅಡಗಿತು. ಮಾರ್ಥೀಸ್ ತಗ್ಗನ್ನು ನೋಡಿದಳು. ಶನಿವಾರದ ಸದ್ದು ಅವಳ ಮುಖದಲ್ಲಿ ಹಾದುಹೋದದ್ದು ಅವನಿಗೆ ಕಂಡಿತು. ಅವಳು ಮಗುವನ್ನು ಎತ್ತಿ ಅವನ ತೋಳಿಗೆ ಕೊಟ್ಟು, ಹಾನ್ ಕಡೆ ತಿರುಗಿ ಮೆಲ್ಲಗೆ ಅಂದಳು:

“ಕೊರಿಯರ್‌ನವ್ರು ಬೀಳಿಸಿದ್ರು. ಬರುವಾಗ್ಲೇ ಹೀಗಿತ್ತು.”

“ಎಲ್ಲರ ಮನೇಲೂ ಕೊರಿಯರ್‌ನವ್ರೇ ಬೀಳಿಸೋದು,” ಎಂದಳು ಹಾನ್, ನಗದೆ. “ವರ್ಷಕ್ಕೆ ನಾಲ್ಕು ಬರುತ್ತೆ ಇಂಥದ್ದು.”

ಅಷ್ಟಕ್ಕೇ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಲುಚಿಯಾ ಅವನ ಮೀಸೆ ಹಿಡಿದು ಜಗ್ಗುತ್ತಿತ್ತು. ಅದರ ತಲೆಯಲ್ಲಿ ಈಗ ಹೊಗೆಯ ವಾಸನೆ ಇರಲಿಲ್ಲ, ಸೋಪಿನದ್ದಿತ್ತು.

“ಬಡಿದದ್ದು ನಾನು,” ಎಂದ ಸಾಲ್ವು. ಹಾನ್ ತಲೆಯಾಡಿಸಿ ದೀಪ ಆರಿಸಲು ಹೋದಳು. ಅವನಿಗೆ ಅಷ್ಟು ಸಾಲಲಿಲ್ಲ. “ಅಷ್ಟೇ ಅಲ್ಲ. ಮಂಗಳವಾರ ನೀನು ಫೋನ್ ಮಾಡ್ದಾಗ್ಲೇ ಯಾಕೆ ಹಿಡೀತಿದೆ ಅಂತ ನಂಗೆ ಗೊತ್ತಿತ್ತು, ಮಾರ್ಥೀಸ್. ಗೊತ್ತಿದ್ದೇ ಕೂತ್ಕೊಳ್ಳುತ್ತೆ ಅಂದೆ.”

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಬೈಯಲಿಲ್ಲ. ಹತ್ತಿರ ಬಂದು, ಅವನ ಮುಖ ನೋಡದೆ, ಮಗುವಿನ ಬೆರಳುಗಳನ್ನು ಅವನ ಮೀಸೆಯಿಂದ ಒಂದೊಂದಾಗಿ ಬಿಡಿಸಿದಳು. ಅದನ್ನು ಎತ್ತಿಕೊಂಡು ಹೋಗಿ ಹೊರಗೆ ಬಿಸಿಲಲ್ಲಿ ನಿಂತಳು.

ಹಾನ್ ಎರಡು ದಿನದಲ್ಲಿ ತನ್ನ ಕೈಯಾರೆ ಬಗ್ಗಿಸಿದ ಕೊಳವೆ ಹಾಕಿಕೊಟ್ಟಳು. ಅದು ಹೊಳೆಯುತ್ತಿರಲಿಲ್ಲ. ಕಂಬಿಗೂ ಅದಕ್ಕೂ ನಡುವೆ ಮುಷ್ಟಿ ಹೋಗುವಷ್ಟು ಜಾಗವಿತ್ತು. ಸಾಲ್ವು ನಾಲ್ಕೈದು ವಾರ ಕಾಂಕ್ರೀಟಿನ ಮೇಲೆ ಏನನ್ನೂ ಹರಡಲಿಲ್ಲ. ಮಾರ್ಥೀಸ್ ಬೀದಿಯಲ್ಲಿ ಹಾದುಹೋಗುವಾಗ ಎಂದಿನಂತೆ ಹಾರ್ನ್ ಮಾಡಲಿಲ್ಲ. ನೆನುವಿಗೆ ಅವನೇ ಎಲ್ಲ ಹೇಳಿಕೊಂಡ. ನೆನು ಚೇಷ್ಟೆ ಮಾಡಲಿಲ್ಲ. ಅದನ್ನು ತಾಳಿಕೊಳ್ಳುವುದೇ ಅವನಿಗೆ ಹೆಚ್ಚು ಕಷ್ಟವಾಯಿತು.

ಈಸ್ಟರ್ ಕಳೆದ ಒಂದು ಬೆಳಿಗ್ಗೆ ಅವಳ ಕಾರು ಬಂದು ನಿಂತಿತು. ಇಂಜಿನ್ ಆರಿಸದೆ ಇಳಿದಳು, ಮಗು ಸೊಂಟದ ಮೇಲೆ.

“ಮುಂದೆ ಎಡಗಡೆ ಏನೋ ಕಟಕಟ ಅಂತಿದೆ. ಕೇಳ್ತೀಯಾ?”

ಸಾಲ್ವು ಸ್ಕ್ರೂಡ್ರೈವರ್ ಹುಡುಕಿ ತಂದ. ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚದೆ ಕೇಳಿದ. ಮತ್ತೊಂದು ಕಡೆ ಇಟ್ಟು ಕೇಳಿದ. ನೆನು ಕ್ರೇಟಿನ ಮೇಲೆ ಮುಂದಕ್ಕೆ ಬಾಗಿದ.

“ಗೊತ್ತಾಗ್ತಿಲ್ಲ ನಂಗೆ,” ಎಂದ ಸಾಲ್ವು.

ಮಾರ್ಥೀಸ್ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. “ಸರಿ. ಹಾನ್‌ಗೆ ತೋರಿಸ್ತೀನಿ,” ಎಂದಳು. ಮಗುವನ್ನು ಸೀಟಿಗೆ ಕಟ್ಟಲು ಬಾಗಿದವಳು ನಿಂತು, ತಿರುಗಿ ಕೇಳಿದಳು: “ಕಾರು ಅಲ್ಲೇ ಬಿಟ್ಟು ವಾಪಸ್ ನಡ್ಕೊಂಡೇ ಬರ್ಬೇಕು. ನಂಜೊತೆ ಬಂದು ಇವಳ ತಳ್ಳುಗಾಡಿ ತಳ್ತೀಯಾ?”